ಕತ್ತಿ ಬೀಸುವುದೂ ನಾನೇ, ದಂಡು ನಡೆಸುವುದೂ ನಾನೇ: ಯುದ್ಧದ ಗೇಮ್‌ನಲ್ಲಿ ಎರಡನ್ನೂ ಬೆರೆಸುವುದು ಹೇಗೆ?

ಪ್ರಶ್ನೆ

ನಾವಿಬ್ಬರು ಸೇರಿ ಒಂದು ಯುದ್ಧದ ಗೇಮ್ ಮಾಡುತ್ತಿದ್ದೇವೆ. ಕಾಲ 1066, ಜಾಗ ಇಂಗ್ಲೆಂಡ್. ಹೇಸ್ಟಿಂಗ್ಸ್ ಯುದ್ಧವೇ ಕೊನೆಯ ದೊಡ್ಡ ಮಿಷನ್. ಆಡುವವರದು ಸರದಾರನ ಪಾತ್ರ. ಕತ್ತಿ ಹಿಡಿದು ಸ್ವತಃ ಹೊಡೆದಾಡಬೇಕು, ಜೊತೆಗೆ ಬಿಲ್ಲುಗಾರರು, ಕಾಲಾಳು, ಕುದುರೆ ಪಡೆಗೆ ಆದೇಶ ಕೊಡಬೇಕು. ಬೇರೆ ಬೇರೆಯಾಗಿ ನೋಡಿದರೆ ಎರಡೂ ಚೆನ್ನಾಗಿಯೇ ಇವೆ. ಆದರೆ ಬೇರೆಯವರಿಗೆ ಆಡಲು ಕೊಟ್ಟಾಗ ಎರಡು ಥರದ ಜನ ಸಿಗುತ್ತಾರೆ. ಕೆಲವರು ಶುರುವಾದ ಕೂಡಲೇ 'ಎಲ್ಲರೂ ನುಗ್ಗಿ' ಅಂತ ಒತ್ತಿ ತಾವೂ ನುಗ್ಗುತ್ತಾರೆ. ಆಮೇಲೆ ಆದೇಶದ ಬಟನ್ ಮುಟ್ಟುವುದೇ ಇಲ್ಲ. ಇನ್ನು ಕೆಲವರು ಗುಡ್ಡದ ಮೇಲೆ ನಿಂತು ಆದೇಶ ಕೊಡುತ್ತಲೇ ಇರುತ್ತಾರೆ, ಕತ್ತಿ ಒರೆಯಿಂದ ಹೊರಗೇ ಬರುವುದಿಲ್ಲ. ಎರಡೂ ಸೇರಿ ಒಂದೇ ಆಟ ಅನ್ನಿಸಬೇಕಾದರೆ ಏನು ಮಾಡಬೇಕು? ಇಂಥ ಗೇಮ್ ಮಾಡಿದವರು, ಜಾಸ್ತಿ ಆಡಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಮೌಂಟ್ ಅಂಡ್ ಬ್ಲೇಡ್‌ಗೆ ಮಾಡ್ ಮಾಡುವವರು

ನಿಮಗೆ ಬೇಕಾದ ಉತ್ತರ ನೀವು ಆರಿಸಿಕೊಂಡ ಯುದ್ಧದಲ್ಲೇ ಇದೆ. 1066ರ ಅಕ್ಟೋಬರ್ 14ರಂದು ಇಂಗ್ಲೆಂಡ್ ರಾಜ ಹೆರಾಲ್ಡ್‌ನ ದಂಡು ದಿಬ್ಬದ ಮೇಲೆ ಗುರಾಣಿಗೆ ಗುರಾಣಿ ತಾಗಿಸಿ ನಿಂತಿತ್ತು. ಫ್ರಾನ್ಸ್‌ನ ನಾರ್ಮಂಡಿಯಿಂದ ದಂಡೆತ್ತಿ ಬಂದಿದ್ದ ಡ್ಯೂಕ್ ವಿಲಿಯಂನ ಎಡಭಾಗದ ಬ್ರೆಟನ್ (ಬ್ರಿಟನಿ ಪ್ರಾಂತ್ಯದ) ಪಡೆ ಕೆಳಗಿನಿಂದ ಹತ್ತಿ ಬಂದು, ಏಟು ತಿಂದು ಓಡತೊಡಗಿತು. ಅಷ್ಟರಲ್ಲಿ ವಿಲಿಯಂ ಸತ್ತನೆಂಬ ಸುದ್ದಿಯೂ ಹಬ್ಬಿತು. ಆಗ ಅವನು ಏನು ಮಾಡಿದ? ಶಿರಸ್ತ್ರಾಣವನ್ನು ಮೇಲಕ್ಕೆತ್ತಿ ಎಲ್ಲರಿಗೂ ಮುಖ ತೋರಿಸಿದ. ಈ ಯುದ್ಧದ ಕಥೆಯನ್ನು ಬಟ್ಟೆಯ ಮೇಲೆ ಹೇಳುವ ಬಾಯೂ ಕಸೂತಿಪಟದಲ್ಲಿ ಈ ದೃಶ್ಯವನ್ನು ಹೊಲಿದಿದ್ದಾರೆ. ಓಡುತ್ತಿದ್ದವರು ತಿರುಗಿ ನಿಂತರು. ಅವರನ್ನು ಅಟ್ಟಿಸಿಕೊಂಡು ದಿಬ್ಬ ಇಳಿದಿದ್ದ ಇಂಗ್ಲಿಷರು ಕೆಳಗೆ ಒಂಟಿಯಾಗಿ ಸಿಕ್ಕಿಬಿದ್ದರು.

ಇದರಲ್ಲಿ ಆಕ್ಷನ್ ಯಾವುದು, ತಂತ್ರ ಯಾವುದು ಅಂತ ಬಿಡಿಸಲು ಆಗುತ್ತದಾ? ಆಗುವುದಿಲ್ಲ. ಅವನು ಎಲ್ಲಿದ್ದ, ಯಾರ ಕಣ್ಣಿಗೆ ಬಿದ್ದ ಅನ್ನುವುದೇ ಅವತ್ತಿನ ದೊಡ್ಡ ಆದೇಶ. ನಿಮ್ಮ ಗೇಮ್‌ನಲ್ಲೂ ಹಾಗೇ ಆಗಬೇಕು ಅಂತ ನನ್ನ ಅಭಿಪ್ರಾಯ. ಆಡುವವರು ಎಲ್ಲಿ ನಿಂತಿದ್ದಾರೆ ಅನ್ನುವುದರ ಮೇಲೆ ದಂಡಿನ ಧೈರ್ಯ, ಆದೇಶ ತಲುಪುವ ವೇಗ, ಕಣ್ಣಿಗೆ ಕಾಣುವ ಮಾಹಿತಿ ಮೂರೂ ಬದಲಾಗಲಿ. ಆಗ ಗುಡ್ಡದ ಮೇಲೆ ನಿಲ್ಲುವುದಕ್ಕೂ ಬೆಲೆ ತೆರಬೇಕು, ಮುಂದಿನ ಸಾಲಿನಲ್ಲಿ ನಿಲ್ಲುವುದಕ್ಕೂ ಬೆಲೆ ತೆರಬೇಕು.

ಮೌಂಟ್ ಅಂಡ್ ಬ್ಲೇಡ್ 2008ರಲ್ಲಿ ಬಂದಿದ್ದು, ಮಾಡಿದವರು ಟರ್ಕಿಯ ಅಂಕಾರಾದ ಟೇಲ್‌ವರ್ಲ್ಡ್ಸ್. ಅದರ ನಾಡು ಕಲ್ಪಿತ, ಆದರೆ ಆಯುಧ, ಕುದುರೆ, ಕೋಟೆ ಎಲ್ಲ ಮಧ್ಯಯುಗದ್ದೇ. 1 ಒತ್ತಿದರೆ ಕಾಲಾಳು, 2 ಬಿಲ್ಲುಗಾರರು, 3 ಕುದುರೆ ಪಡೆ. ಆಮೇಲೆ ಎಫ್1 ಒತ್ತಿ ನಿಲ್ಲಿ, ಹಿಂದೆ ಬನ್ನಿ, ನುಗ್ಗಿ ಅಂತ ಹೇಳಬಹುದು. ಈ ಸರಣಿಯಲ್ಲಿ ನನಗೆ ತುಂಬ ಇಷ್ಟವಾಗುವ ಗಳಿಗೆ ಒಂದಿದೆ. ಕಾಲಾಳನ್ನು ದಿಬ್ಬದ ಮೇಲೆ ನಿಲ್ಲಿಸಿ ಕುದುರೆ ಪಡೆಯನ್ನು ನಾನೇ ಕರೆದುಕೊಂಡು ಕಾಡಿನ ಆಚೆಯಿಂದ ಸುತ್ತಿ ಹೋಗುತ್ತೇನೆ. ಮರಗಳ ಮರೆಯಲ್ಲಿ ಇರುವಷ್ಟು ಹೊತ್ತು ಕಾಲಾಳಿಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಕೂಗಾಟ ಮಾತ್ರ ಕೇಳುತ್ತದೆ. ಆ ಹೊತ್ತಿನಲ್ಲಿ ಕೈಯಲ್ಲಿರುವುದು ಈಟಿಯೇ ಆದರೂ ತಲೆಯಲ್ಲಿ ಓಡುತ್ತಿರುವುದು ಪೂರ್ತಿ ತಂತ್ರ.

ಆದರೆ ಅದರಲ್ಲೂ ನೀವು ಹೇಳಿದ ತೊಂದರೆ ಇದೆ. ಸಾಲುಗಳು ಒಮ್ಮೆ ಡಿಕ್ಕಿ ಹೊಡೆದ ಮೇಲೆ 'ನುಗ್ಗಿ' ಅನ್ನುವುದೊಂದೇ ಸಾಕಾಗುತ್ತದೆ. ಯಾಕೆಂದರೆ ಆಮೇಲೆ ಕೊಡುವ ಆದೇಶದಿಂದ ಜಾಸ್ತಿ ಏನೂ ಸಿಗುವುದಿಲ್ಲ. ನನ್ನ ಮಾಡ್‌ನಲ್ಲಿ (ಆ ಗೇಮ್‌ಗೆ ನಾನು ಮಾಡಿದ ಬದಲಾವಣೆಯಲ್ಲಿ) ಇದಕ್ಕೆ ಕಂಡುಕೊಂಡ ದಾರಿ ಹೀಗಿದೆ. ಕುದುರೆ ಪಡೆಯ ಬಲವೆಲ್ಲ ಮೊದಲ ಹೊಡೆತದಲ್ಲೇ ಇರುತ್ತದೆ. ಜನರ ನಡುವೆ ಸಿಕ್ಕಿಕೊಂಡು ನಿಂತರೆ ಅದು ಬೇಗ ಕರಗುತ್ತದೆ. ಹಾಗಾಗಿ ನುಗ್ಗಬೇಕು, ಹೊರಗೆ ಬರಬೇಕು, ಸಾಲು ಕಟ್ಟಬೇಕು, ಮತ್ತೆ ನುಗ್ಗಬೇಕು. ಹೊರಗೆ ಬಂದು ಸಾಲು ಕಟ್ಟುವ ಹೊತ್ತಿನಲ್ಲಿ ಆಡುವವರಿಗೆ ಉಸಿರಾಡಲು ಬಿಡುವು ಸಿಗುತ್ತದೆ, ತಾನಾಗಿಯೇ ಸುತ್ತ ನೋಡುತ್ತಾರೆ. ಆದೇಶಗಳೆಲ್ಲ ಆ ಬಿಡುವಿನಲ್ಲೇ ಹೊರಡುತ್ತವೆ. ನಿಮ್ಮ ಹೊಡೆದಾಟದಲ್ಲಿ ಇಂಥ ಬಿಡುವು ಇದೆಯಾ ಅಂತ ಮೊದಲು ನೋಡಿ. ಒಂದೇ ಸಮನೆ ಕತ್ತಿ ಬೀಸುತ್ತಲೇ ಇರಬೇಕು ಅಂದರೆ ಎಂಥ ಬುದ್ಧಿವಂತರೂ ಆದೇಶದ ಬಟನ್ ಮರೆಯುತ್ತಾರೆ.

ಎರಡನೇ ಮಹಾಯುದ್ಧದ ಗೇಮ್‌ಗಳನ್ನು ಜಾಸ್ತಿ ಆಡುವವರು

ಮೇಲಿನವರ ಮಾತು ಒಪ್ಪುತ್ತೇನೆ. ನುಗ್ಗುವವರ ಬಗ್ಗೆ ಇನ್ನೊಂದು ಸೇರಿಸುತ್ತೇನೆ. ಅವರು ಆದೇಶ ಕೊಡುವುದಿಲ್ಲ ಯಾಕೆ? ಕೊಡದೆಯೂ ಗೆಲ್ಲುತ್ತಾರೆ, ಅದಕ್ಕೆ. ಅವರ ಕತ್ತಿಗೆ ನೀವು ಜಾಸ್ತಿ ಶಕ್ತಿ ಕೊಟ್ಟಿದ್ದೀರಿ ಅನ್ನಿಸುತ್ತದೆ.

ಬ್ರದರ್ಸ್ ಇನ್ ಆರ್ಮ್ಸ್: ರೋಡ್ ಟು ಹಿಲ್ 30 (2005) ಆಡಿ ನೋಡಿ. 1944ರ ಜೂನ್, ನಾರ್ಮಂಡಿ. ಪ್ಯಾರಾಶೂಟ್ ಪಡೆಯ ಒಂದು ಸಣ್ಣ ತಂಡಕ್ಕೆ ನೀವು ನಾಯಕ. ಅದರಲ್ಲಿ ನಿಮ್ಮ ಬಂದೂಕಿನ ಗುರಿ ಬೇಕೆಂದೇ ಅಲುಗಾಡುತ್ತದೆ. ಬೇಲಿಯ ಹಿಂದೆ ಕೂತ ಜರ್ಮನ್ ಸೈನಿಕನನ್ನು ಎದುರಿನಿಂದ ಹೊಡೆಯಲು ಹೋದರೆ ನಾಲ್ಕು ಗುಂಡು ವ್ಯರ್ಥ, ಐದನೆಯದಕ್ಕೆ ನೀವೇ ಬೀಳುತ್ತೀರಿ. ಶತ್ರುಗಳ ತಲೆಯ ಮೇಲೆ ಒಂದು ಕೆಂಪು ಗುರುತು ಇರುತ್ತದೆ. ನಿಮ್ಮ ಒಂದು ತಂಡಕ್ಕೆ 'ಅಲ್ಲಿಗೆ ಹೊಡೆಯುತ್ತಿರಿ' ಅಂದರೆ ಆ ಕೆಂಪು ನಿಧಾನವಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಪೂರ್ತಿ ಬೂದಿಯಾಯಿತು ಅಂದರೆ ಅವರು ತಲೆ ಎತ್ತುವ ಸ್ಥಿತಿಯಲ್ಲಿಲ್ಲ. ಆಗ ನೀವು ಇನ್ನೊಂದು ತಂಡದ ಜೊತೆ ಮಗ್ಗುಲಿಂದ ಓಡಬೇಕು. ಸೈನ್ಯದಲ್ಲಿ ಕಲಿಸುವ ಪಾಠವೂ ಇದೇ: ಶತ್ರು ಎಲ್ಲಿದ್ದಾನೆ ಹುಡುಕು, ಅಲ್ಲೇ ಕಟ್ಟಿಹಾಕು, ಮಗ್ಗುಲಿಗೆ ಬಾ, ಮುಗಿಸು.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಕೊನೆಯ ಹೆಜ್ಜೆ. ಮುಗಿಸುವ ಕೆಲಸ ಸಾಮಾನ್ಯವಾಗಿ ಆಡುವವರ ಕೈಗೇ ಬರುತ್ತದೆ. ಅಂದರೆ ಆದೇಶ ಸರಿಯಾಗಿದ್ದರೆ ಅದರ ಫಲ ಆಕ್ಷನ್ ರೂಪದಲ್ಲಿ ಸಿಗುತ್ತದೆ. ಸೈನಿಕರು ದಾರಿ ತೆರೆಯುತ್ತಾರೆ, ಆ ದಾರಿಯಲ್ಲಿ ಓಡುವುದು ನೀವು. ನಿಮ್ಮ ಗುರಾಣಿ ಗೋಡೆಗೆ ಇದನ್ನೇ ತನ್ನಿ. ಎದುರಿನಿಂದ ಎಷ್ಟು ಹೊಡೆದರೂ ಗೋಡೆ ಒಡೆಯಬಾರದು. ಬಿಲ್ಲುಗಾರರ ಬಾಣಕ್ಕೆ ಗುರಾಣಿಗಳು ಮೇಲೇಳಬೇಕು. ಆಗ ಕೆಳಗೆ ಒಂದು ಸಂದು ಕಾಣಬೇಕು. ಆ ಸಂದಿಗೆ ನುಗ್ಗುವವರು ಆಡುವವರೇ ಆಗಿರಲಿ.

ಇನ್ನೊಂದು ಸರಣಿ ಮೆನ್ ಆಫ್ ವಾರ್ (2009). ಅದು ಮೂಲತಃ ಮೇಲಿನಿಂದ ನೋಡುವ ತಂತ್ರದ ಆಟ. ಆದರೆ ಯಾವ ಸೈನಿಕನನ್ನಾದರೂ, ಯಾವ ಟ್ಯಾಂಕನ್ನಾದರೂ ನೀವೇ ನೇರವಾಗಿ ನಡೆಸಬಹುದು. ಒಂದು ಟ್ಯಾಂಕಿನಲ್ಲಿ ಕೂತು ಶತ್ರು ಟ್ಯಾಂಕಿನ ಮಗ್ಗುಲನ್ನು ಗುರಿಯಿಟ್ಟು ಹೊಡೆಯುವಾಗ ಸಿಗುವ ಖುಷಿಯೇ ಬೇರೆ. ಅಷ್ಟರಲ್ಲಿ ಮ್ಯಾಪಿನ ಆ ಕಡೆ ಇನ್ನೊಂದು ತುಕಡಿ ನೆಲಕಚ್ಚಿರುತ್ತದೆ. ಗಮನವೇ ಅಲ್ಲಿನ ಹಣ, ಎಲ್ಲಿ ಖರ್ಚು ಮಾಡುತ್ತೀರಿ ಅನ್ನುವುದೇ ಆಟ.

ಕಂಟ್ರೋಲರ್‌ನಲ್ಲಿ ಆಡುವವರು

ಸಣ್ಣ ವಿಷಯ, ಆದರೆ ಇದು ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ದಂಡ. ಹೊಡೆದಾಡುತ್ತಿರುವಾಗ ಆದೇಶ ಕೊಡಲು ಹೆಬ್ಬೆರಳು ಎತ್ತಬೇಕಾಗಬಾರದು. ಒಂದು ಬಟನ್ ಹಿಡಿದುಕೊಂಡರೆ ನೆಲದ ಮೇಲೆ ಗುರುತು, ಬಿಟ್ಟರೆ ಆದೇಶ ಹೊರಟಿತು. ಅಷ್ಟೇ ಇರಲಿ. ಒಂದು ಮೆನು, ಅದರೊಳಗೆ ಇನ್ನೊಂದು ಮೆನು ಅಂತ ಹೋದರೆ ಅಷ್ಟರಲ್ಲಿ ಕೊಡಲಿ ಏಟು ಬಿದ್ದಿರುತ್ತದೆ. ಬ್ಲೇಡ್‌ಸ್ಟಾರ್ಮ್ ಅಂತ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದ ಮೇಲೆ 2007ರಲ್ಲಿ ಒಂದು ಗೇಮ್ ಬಂತು. ಅದರಲ್ಲಿ ನೀವು ಒಂದು ತುಕಡಿಯೊಳಗೆ ಸೇರಿಕೊಂಡರೆ ಇಡೀ ತುಕಡಿಯೇ ನಿಮ್ಮ ಆಯುಧ. ಬಟನ್ ಒತ್ತಿದರೆ ನೀವೊಬ್ಬರೇ ಅಲ್ಲ, ಎಲ್ಲರೂ ಸೇರಿ ಹೊಡೆಯುತ್ತಾರೆ. ಆಟ ಒಂದೇ ಥರ ಸಾಗುತ್ತದೆ ಅನ್ನುವುದು ನಿಜ. ಆದರೆ ಆದೇಶಕ್ಕೂ ಏಟಿಗೂ ಒಂದೇ ಬಟನ್ ಅನ್ನುವ ಯೋಚನೆ ಮಾತ್ರ ಈಗಲೂ ಕದಿಯಲು ಯೋಗ್ಯ.

ತಂತ್ರದ ಆಟಗಳ ಕಡೆಯವರು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಎಲ್ಲರೂ ಯುದ್ಧಭೂಮಿಯ ಒಳಗೇ ಬೆರೆಸಲು ನೋಡುತ್ತಿದ್ದೀರಿ. ಸಿಡ್ ಮೈಯರ್ 1990ರಲ್ಲಿ ಕೋವರ್ಟ್ ಆಕ್ಷನ್ ಅಂತ ಒಂದು ಗೂಢಚಾರರ ಗೇಮ್ ಮಾಡಿದರು. ಒಂದೊಂದು ಸಾಹಸದ ಭಾಗವೂ ಎಷ್ಟು ಉದ್ದ ಅಂದರೆ, ಅದು ಮುಗಿಸಿ ಹೊರಗೆ ಬರುವಷ್ಟರಲ್ಲಿ ತಾನು ಯಾವ ಸಂಚಿನ ಜಾಡು ಹಿಡಿದಿದ್ದೆ ಅನ್ನುವುದೇ ಆಡುವವರಿಗೆ ಮರೆತಿರುತ್ತಿತ್ತು. ಎರಡು ಒಳ್ಳೆಯ ಆಟಗಳನ್ನು ಒಂದರೊಳಗೆ ತುರುಕಿದ್ದೇ ಅದರ ತೊಂದರೆ ಅಂತ ಅವರೇ ಆಮೇಲೆ ಹೇಳಿಕೊಂಡರು. ಅವರದೇ ಪೈರೇಟ್ಸ್ (1987) ಮಾತ್ರ ಚೆನ್ನಾಗಿ ಕೂತಿತು. ಅಲ್ಲಿ ಕತ್ತಿ ಕಾಳಗ, ಹಡಗಿನ ಕಾಳಗ ಎಲ್ಲ ಚಿಕ್ಕವು. ಬೇಗ ಮುಗಿದು ಮತ್ತೆ ನಕ್ಷೆಗೆ ಬರುತ್ತೀರಿ, ಮುಂದಿನ ಬಂದರು ಯಾವುದು ಅನ್ನುವುದು ಇನ್ನೂ ನೆನಪಿನಲ್ಲಿರುತ್ತದೆ.

ಹಾಗಾಗಿ ನನ್ನ ಸಲಹೆ: ಒಂದು ಯುದ್ಧ ಎಷ್ಟು ಹೊತ್ತು ನಡೆಯುತ್ತದೆ ಅನ್ನುವುದರ ಮೇಲೆ ಕಣ್ಣಿಡಿ. ಹೇಸ್ಟಿಂಗ್ಸ್ ಬೆಳಗ್ಗೆಯಿಂದ ಕತ್ತಲಾಗುವವರೆಗೆ ನಡೆಯಿತು, ಗೇಮ್‌ನಲ್ಲಿ ಅಷ್ಟು ಬೇಡ. ಆದರೆ ಕತ್ತಲಾಗುವುದನ್ನು ಬಿಡಬೇಡಿ. ಹೆರಾಲ್ಡ್‌ಗೆ ಕತ್ತಲಾಗುವವರೆಗೆ ನಿಂತರೆ ಸಾಕಿತ್ತು, ವಿಲಿಯಂ ಅಷ್ಟರೊಳಗೆ ಗೆಲ್ಲಬೇಕಿತ್ತು. ಆಕಾಶದಲ್ಲಿರುವ ಸೂರ್ಯನೇ ನಿಮ್ಮ ಗಡಿಯಾರ. ಯುದ್ಧಕ್ಕೆ ಮುಂಚಿನ ನಿರ್ಧಾರಗಳನ್ನೂ ಕೈಗೆ ಕೊಡಿ. ಸೆಪ್ಟೆಂಬರ್ 25ರಂದು ಹೆರಾಲ್ಡ್ ಯಾರ್ಕ್ ಹತ್ತಿರದ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ನಾರ್ವೆಯ ದಂಡನ್ನು ಸೋಲಿಸಿದ. ಮೂರೇ ದಿನಕ್ಕೆ ವಿಲಿಯಂ ದಕ್ಷಿಣದಲ್ಲಿ ಪೆವೆನ್ಸಿಗೆ ಬಂದು ಇಳಿದ. ಯಾರ್ಕ್‌ನಿಂದ ಲಂಡನ್‌ಗೇ ಸುಮಾರು 300 ಕಿಲೋಮೀಟರ್. ಲಂಡನ್‌ನಲ್ಲಿ ತಂಗಿ ಇನ್ನಷ್ಟು ಜನ ಸೇರಿಸುವುದೋ, ಇದ್ದವರನ್ನೇ ಕರೆದುಕೊಂಡು ಹೊರಡುವುದೋ? ಆಡುವವರು ಇಲ್ಲಿ ಏನು ಆರಿಸುತ್ತಾರೋ ಅದು ಯುದ್ಧದ ದಿನ ಪಕ್ಕದಲ್ಲಿ ನಿಂತವರ ಮೈಯಲ್ಲಿ ಕಾಣಬೇಕು. ದಣಿದವನ ಗುರಾಣಿ ಬೇಗ ಇಳಿಯಲಿ. ಆಗ ತಂತ್ರ ನಕ್ಷೆಯಲ್ಲೇ ಉಳಿಯದೆ ಕತ್ತಿಯ ತುದಿಯವರೆಗೂ ಬರುತ್ತದೆ.

ಪ್ರಶ್ನೆ ಕೇಳಿದವರು

ತುಂಬ ಉಪಕಾರವಾಯಿತು. ಗುರಾಣಿ ಎದ್ದಾಗ ಸಂದು ಕಾಣುವ ಯೋಚನೆ ಇಬ್ಬರಿಗೂ ಹಿಡಿಸಿತು. ಇನ್ನೆರಡು ಕೇಳಬೇಕು. ನಾಯಕ ಸತ್ತರೆ ಏನು ಮಾಡುವುದು? ಎಲ್ಲಿ ನಿಲ್ಲುತ್ತಾನೆ ಅನ್ನುವುದಕ್ಕೆ ಬೆಲೆ ಇಟ್ಟರೆ ಸಾಯುವುದು ಜಾಸ್ತಿಯಾಗುತ್ತದೆ ಅಲ್ವಾ? ಎರಡನೆಯದು, ಗುಡ್ಡದ ಮೇಲಿನವರನ್ನು ಕೆಳಗೆ ಇಳಿಸುವುದು ಹೇಗೆ? ದಂಡ ಹಾಕಿ ಇಳಿಸಲು ಮನಸ್ಸಿಲ್ಲ.

ಆನ್‌ಲೈನ್ ಯುದ್ಧಗಳಲ್ಲಿ ಅಧಿಕಾರಿಯಾಗಿ ಆಡುವವರು

ಎರಡನೆಯದಕ್ಕೆ ನಾನು ಹೇಳುತ್ತೇನೆ. ದಂಡ ಬೇಡ, ಕೆಳಗೆ ಇಳಿದರೆ ಏನೋ ಸಿಗಬೇಕು. ಗುಡ್ಡದಿಂದ ಎಲ್ಲವೂ ಅಷ್ಟು ಸ್ಪಷ್ಟವಾಗಿ ಕಾಣುವುದೇ ನಿಮ್ಮ ತೊಂದರೆ ಇರಬಹುದು. ಯಾವ ತುಕಡಿ ಎಲ್ಲಿದೆ ಅಂತ ಕಾಣಲಿ. ಅದು ದಣಿದಿದೆಯಾ, ಹೆದರಿದೆಯಾ ಅನ್ನುವುದು ಹತ್ತಿರ ಹೋದರೆ ಮಾತ್ರ ತಿಳಿಯಲಿ. ಆದೇಶ ದೂರಕ್ಕೆ ಹೋಗಬೇಕಾದರೆ ಕಹಳೆ ಊದಬೇಕು, ಇಲ್ಲವೇ ಸವಾರ ಓಡಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಪಕ್ಕದಲ್ಲಿದ್ದರೆ ಕೂಗಿದ ಕೂಡಲೇ ಕೇಳುತ್ತದೆ. ಸ್ಕರ್ಜ್ ಆಫ್ ವಾರ್ ಗೇಮ್‌ಗಳಲ್ಲಿ ಆದೇಶವನ್ನು ಸವಾರರ ಕೈಯಲ್ಲಿ ಕಳಿಸುವ ವ್ಯವಸ್ಥೆ ಇದೆ. ಅದನ್ನು ಆಡಿದ ಮೇಲೆ ನಾಯಕರು ಯಾಕೆ ಸ್ವತಃ ಕುದುರೆ ಏರಿ ಓಡುತ್ತಿದ್ದರು ಅನ್ನುವುದು ನನಗೆ ಚೆನ್ನಾಗಿ ಅರ್ಥವಾಯಿತು.

ಸಾಲು ಬಿಟ್ಟು ಓಡುವವರ ವಿಷಯಕ್ಕೆ ವಾರ್ ಆಫ್ ರೈಟ್ಸ್ ನೋಡಿ. ಅಮೆರಿಕದ ಅಂತರ್ಯುದ್ಧ, 1862ರ ಸೆಪ್ಟೆಂಬರ್‌ನ ಮೇರಿಲ್ಯಾಂಡ್ ಕಾಳಗಗಳು. ಅಲ್ಲಿ ಪ್ರತಿ ಸೈನಿಕನೂ ಒಬ್ಬ ಮನುಷ್ಯ, ಯಾರೂ ಮಾತು ಕೇಳಲೇಬೇಕು ಅಂತಿಲ್ಲ. ಆದರೆ ಸಾಲಿನಲ್ಲಿ ನಿಂತು ಸತ್ತರೆ ತಂಡಕ್ಕೆ ಆಗುವ ನಷ್ಟ ಕಡಿಮೆ, ಸಾಲು ಬಿಟ್ಟು ಓಡಿ ಸತ್ತರೆ ಜಾಸ್ತಿ. ಈ ಒಂದೇ ನಿಯಮದಿಂದ ಪರಿಚಯವೇ ಇಲ್ಲದ ಜನ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಕೋವಿಗೆ ಮದ್ದು ತುಂಬಬೇಕು, ಮಿನಿಟಿಗೆ ಎರಡು ಮೂರು ಗುಂಡು ಹಾರಿಸಿದರೆ ಹೆಚ್ಚು. ಮೊದಲು ಉತ್ತರ ಕೊಟ್ಟವರು ಹೇಳಿದ ಬಿಡುವು ಇದೇ. ಮದ್ದು ತುಂಬುವ ಹೊತ್ತಿಗೆ ಎಲ್ಲರೂ ಅಧಿಕಾರಿಯ ಕಡೆ ನೋಡುತ್ತಾರೆ. ನಾನು ಮುಂದೇನು ಅಂತ ಹೇಳುವುದು ಆಗಲೇ.

ಹೆಲ್ ಲೆಟ್ ಲೂಸ್ ಕೂಡ ಒಂದು ಸಲ ಆಡಿ. 50 ಜನಕ್ಕೆ 50 ಜನ, ಎರಡನೇ ಮಹಾಯುದ್ಧ. ಗುಂಡು ಹೊಡೆಯುವುದರಲ್ಲಿ ಎಷ್ಟೇ ನಿಸ್ಸೀಮರಿದ್ದರೂ ಸತ್ತವರು ಮತ್ತೆ ಬಂದು ಇಳಿಯಲು ಸರಿಯಾದ ಜಾಗದಲ್ಲಿ ಗ್ಯಾರಿಸನ್ ಕಟ್ಟದ ತಂಡ ಸೋಲುತ್ತದೆ. ಅದನ್ನು ಕಟ್ಟಲು ಯಾರೋ ಸಾಮಾನು ಹೊತ್ತು ತರಬೇಕು, ತಂಡದ ನಾಯಕ ಸ್ವತಃ ಅಲ್ಲಿಗೆ ನುಸುಳಿ ಹೋಗಬೇಕು. ಮ್ಯಾಪಿನ ಮೇಲೆ ಚುಕ್ಕಿ ಇಟ್ಟರೆ ಆಗುವ ಕೆಲಸವಲ್ಲ. ಪೊದೆಯೊಳಗೆ ತೆವಳಿಕೊಂಡು ಹೋಗಿ ಗ್ಯಾರಿಸನ್ ಕಟ್ಟಿದಾಗ ಆಗುವ ಖುಷಿ ಹತ್ತು ಜನರನ್ನು ಹೊಡೆದುರುಳಿಸಿದರೂ ನನಗೆ ಆಗುವುದಿಲ್ಲ.

ಮೌಂಟ್ ಅಂಡ್ ಬ್ಲೇಡ್‌ಗೆ ಮಾಡ್ ಮಾಡುವವರು

ಸಾವಿನ ಬಗ್ಗೆ. ಮೌಂಟ್ ಅಂಡ್ ಬ್ಲೇಡ್ ಸರಣಿಯ ವಾರ್‌ಬ್ಯಾಂಡ್‌ನಲ್ಲಿ ನೀವು ಬಿದ್ದರೆ ಆಮೇಲೆ ಸುಮ್ನೆ ನೋಡುತ್ತಾ ಕೂರಬೇಕು. ನನಗೆ ಅದು ಇಷ್ಟವಾಗುವುದಿಲ್ಲ. ಒಂದು ಏಟಿಗೆ ಇಡೀ ಯುದ್ಧವೇ ಕೈಬಿಟ್ಟರೆ ಜನ ಗುಡ್ಡದ ಮೇಲೇ ಇರುತ್ತಾರೆ, ಅದು ಅವರ ತಪ್ಪಲ್ಲ.

ಸಾವನ್ನು ಒಂದೇ ಏಟಿಗೆ ತರುವ ಬದಲು ಮೆಟ್ಟಿಲು ಮಾಡಿ. ಮೊದಲು ಕುದುರೆ ಬೀಳಲಿ. ನೆಲಕ್ಕೆ ಬಿದ್ದ ನಾಯಕ ಕಾಣುವುದಿಲ್ಲ, ಸುತ್ತಲಿನವರ ಧೈರ್ಯ ಕುಗ್ಗುತ್ತದೆ, 'ಸತ್ತ' ಅನ್ನುವ ಸುದ್ದಿ ಒಂದು ತುಕಡಿಯಿಂದ ಇನ್ನೊಂದಕ್ಕೆ ಹಬ್ಬತೊಡಗುತ್ತದೆ. ಆಗ ಆಡುವವರ ಕೆಲಸ ಬದಲಾಗಲಿ: ಬೇರೆ ಕುದುರೆ ಸಿಗುವವರೆಗೆ ಬದುಕಬೇಕು, ಮೇಲಕ್ಕೆ ಬರಬೇಕು, ಮುಖ ತೋರಿಸಬೇಕು. ಆ ಶಿರಸ್ತ್ರಾಣ ಎತ್ತುವುದಕ್ಕೆ ಒಂದು ಬಟನ್ ಇಡಿ. ಅದನ್ನು ಒತ್ತಿದಷ್ಟು ಹೊತ್ತು ಮುಖಕ್ಕೆ ರಕ್ಷಣೆ ಇರಬಾರದು. ಬಾಣ ಬೀಳುವ ಜಾಗದಲ್ಲಿ ಅದನ್ನು ಒತ್ತುವುದೋ ಬೇಡವೋ ಅನ್ನುವ ಎರಡು ಕ್ಷಣದಲ್ಲಿ ನೀವು ಕೇಳಿದ ಬೆರಕೆ ಪೂರ್ತಿ ಇದೆ.

ಇನ್ನೊಂದು ಕಡೆಯೂ ಇದೆ. ಕ್ರಿ.ಪೂ. 331ರಲ್ಲಿ ಗೌಗಮೇಲಾದಲ್ಲಿ ಅಲೆಕ್ಸಾಂಡರ್ ಬಲಗಡೆಯಿಂದ ಪರ್ಷಿಯನ್ ಸಾಲಿನ ಸಂದಿಗೆ ನುಗ್ಗಿ ಅವರ ದೊರೆ ದಾರಿಯನನ್ನು ಓಡಿಸಿದ. ಅದೇ ಹೊತ್ತಿಗೆ ಎಡಗಡೆ ಅಲೆಕ್ಸಾಂಡರ್‌ನ ಸೇನಾನಿ ಪಾರ್ಮೆನಿಯನ್‌ನ ಪಡೆ ಕಷ್ಟಕ್ಕೆ ಸಿಕ್ಕಿತ್ತು. ಬೆನ್ನಟ್ಟುವುದೋ, ತಿರುಗುವುದೋ? ನಿಮ್ಮ ಗೇಮ್‌ನಲ್ಲೂ ನಾಯಕನ ಕತ್ತಿಗೆ ಗೆಲುವು ಸಿಗುತ್ತಿರುವ ಹೊತ್ತಿಗೇ ಬೇರೆ ಕಡೆಯಿಂದ ಕರೆ ಬರಲಿ. ಸೋಲುತ್ತಿರುವಾಗ ಬಂದರೆ ಅದರಲ್ಲಿ ಆಯ್ಕೆಯೇ ಇರುವುದಿಲ್ಲ.

ಸೈನಿಕರ ಎಐ ಬರೆಯುವವರು

ಒಂದೇ ಮಾತು ಸೇರಿಸುತ್ತೇನೆ. ಮೇಲೆ ಹೇಳಿದ್ದೆಲ್ಲ ನಡೆಯಬೇಕಾದರೆ ಆಡುವವರಿಗೆ ತಮ್ಮ ಸೈನಿಕರ ಮೇಲೆ ನಂಬಿಕೆ ಇರಬೇಕು. ಆದೇಶ ಕೊಟ್ಟರೂ ನಡೆಯದಿದ್ದರೆ, ಯಾಕೆ ನಡೆಯಲಿಲ್ಲ ಅಂತಲೂ ತಿಳಿಯದಿದ್ದರೆ ಅವರು ಮತ್ತೆ ಆದೇಶ ಕೊಡುವುದಿಲ್ಲ. ಸೈನಿಕರ ಬಾಯಲ್ಲಿ ಮಾತು ಹಾಕಿ. 'ಬಂದೆವು', 'ಕುದುರೆಗಳು ಸುಸ್ತಾಗಿವೆ', 'ಎಡಗಡೆ ಯಾರೂ ಇಲ್ಲ, ಮುಂದೆ ಹೋಗಲ್ಲ'. ಇಂಥ ಇಪ್ಪತ್ತು ಸಾಲು ಸಾಕು. ಪರದೆಯ ಮೂಲೆಯಲ್ಲಿ ಚಿಹ್ನೆ ತೋರಿಸಿದರೆ ಹೊಡೆದಾಡುತ್ತಿರುವವರ ಕಣ್ಣು ಅಲ್ಲಿಗೆ ಹೋಗುವುದಿಲ್ಲ, ಕಿವಿ ಮಾತ್ರ ಬಿಡುವಾಗಿರುತ್ತದೆ. ಧ್ವನಿ ಬಂದ ದಿಕ್ಕಿಗೆ ತಿರುಗಿದರೆ ಆ ತುಕಡಿ ಅಲ್ಲೇ ಇರಬೇಕು.

ಆಡಿಸಿ ನೋಡುವಾಗ ಎಷ್ಟು ಆದೇಶ ಕೊಟ್ಟರು ಅಂತ ಎಣಿಸಬೇಡಿ. ನಾಯಕ ನಡೆದ ದಾರಿಯನ್ನು ಮ್ಯಾಪಿನ ಮೇಲೆ ಗೆರೆ ಎಳೆಸಿ. ಗೆರೆ ನೇರವಾಗಿ ಶತ್ರುವಿನ ಕಡೆಗೇ ಹೋಗಿದ್ದರೆ, ಇಲ್ಲವೇ ಒಂದೇ ಚುಕ್ಕಿಯಾಗಿ ನಿಂತಿದ್ದರೆ ಇನ್ನೂ ಕೆಲಸ ಬಾಕಿ ಇದೆ. ತುಕಡಿಯಿಂದ ತುಕಡಿಗೆ ಓಡಾಡಿದ ಗೆರೆ ಸಿಗತೊಡಗಿದರೆ ಆ ಗೆರೆ ಎಲ್ಲೆಲ್ಲಿ ತಿರುಗಿದೆ ನೋಡಿ, ಏನು ಕೇಳಿಸಿ ಅಲ್ಲಿ ತಿರುಗಿದರು ಅಂತ ಅವರನ್ನೇ ಕೇಳಿ. ಮುಂದೆ ಯಾವ ಮಾತು, ಯಾವ ಸದ್ದು ಸೇರಿಸಬೇಕು ಅನ್ನುವುದು ನಮಗೆ ಯಾವಾಗಲೂ ಅಲ್ಲಿಂದಲೇ ಸಿಕ್ಕಿದೆ.